ಕಲಸಿದರೂ ಕಳೆಯದ ಎಲೆ



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದನು. ಕಾಫಿ ಕುಡಿದ ಬಳಿಕ ಜೇಬಿನಿಂದ ಇಸ್ಪೀಟು ಕಟ್ಟೊಂದನ್ನು ತೆಗೆದು, "ಸಾರ್, ಒಂದು ಎಲೆ ಎಳೆಯಿರಿ" ಎಂದನು. ನಾನು ಎಳೆದ ಆಟೀನ್ ರಾಣಿಯನ್ನು ಕಟ್ಟಿನ ನಡುವೆ ಇಡಿಸಿ, ಮರುಕ್ಷಣವೇ ಮೇಲಿನಿಂದ ಎತ್ತಿ ತೋರಿಸಿದನು. ನಡುವೆ ಅವನ ಕೈ ಒಮ್ಮೆ ಬಿಗಿದದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಹೇಳಿಬಿಟ್ಟೆ. ಪಾಪ, ಮುಖ ಸಣ್ಣದಾಯಿತು. "ಇದಕ್ಕೆ 'ಪಾಸ್' ಎನ್ನುತ್ತಾರೆ ಸಾರ್, ಎರಡು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೇನೆ. ಬಿಟ್ಟು ಬೇರೆಯದನ್ನು ಹಿಡಿಯಲೇ?" ಎಂದು ಕೇಳಿದನು. ಶಾಲೆಯಲ್ಲಿದ್ದಾಗ ಇಂಥ ಕಟ್ಟುಗಳನ್ನು ಕಿತ್ತುಕೊಂಡು ಬೀರುವಿನಲ್ಲಿಡುತ್ತಿದ್ದ ನಾನು ಕೈಚಳಕವನ್ನೇನು ಹೇಳಿಕೊಡಬಲ್ಲೆ? ಆದರೆ ಅವನ ಪ್ರಶ್ನೆಗೆ ನಾಲ್ಕು ಶತಮಾನಗಳ ಚರಿತ್ರೆಯಿದೆ. ಚರಿತ್ರೆಯಾದರೆ ನನ್ನ ಪಾಠ.

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ 'ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಮಾಟಗಾತಿಯರೆಂದು ಬಡ ಮುದುಕಿಯರನ್ನು ನೇಣಿಗೇರಿಸುತ್ತಿದ್ದ ಕಾಲವದು. ಕಣ್ಣಿಗೆ ವಿಸ್ಮಯವಾಗಿ ಕಾಣುವುದೆಲ್ಲ ದೆವ್ವದ ಕೆಲಸವಲ್ಲ, ಕೈಯ ಕೆಲಸವೂ ಆಗಬಹುದೆಂದು ತೋರಿಸಲು ಅವನು ಜಾದೂಗಾರರ ಗುಟ್ಟುಗಳನ್ನು ಬಿಡಿಸಿ ಬರೆದನು. ಇಸ್ಪೀಟಿನ ವಿಷಯದಲ್ಲಿ ಅವನು ಹೇಳುವ ಮುಖ್ಯ ಸಂಗತಿಯೊಂದೇ: ಚುರುಕಾಗಿ ಕಲಸುತ್ತಿರುವಾಗಲೂ ಒಂದು ಎಲೆಯನ್ನು ಕಟ್ಟಿನ ಅಡಿಯಲ್ಲಿಯೋ ಗೊತ್ತಿರುವ ಇನ್ನೊಂದು ಜಾಗದಲ್ಲಿಯೋ ಉಳಿಸಿಕೊಳ್ಳುವುದು. ಅಂದರೆ ಕಲಸುವ ಕ್ರಿಯೆಯೊಳಗೇ ಗುಟ್ಟನ್ನು ಬಚ್ಚಿಡುವುದು.

ಮುಂದೆ ಈ ಸರಳ ಮಾರ್ಗ ಬದಿಗೆ ಸರಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೆರೆದದ್ದು ಪಾಸ್. ಎಲೆಯನ್ನು ನಡುವೆ ಇಡಿಸಿ, ಅದರ ಮೇಲೆ ಕಿರುಬೆರಳನ್ನು ಗುಟ್ಟಾಗಿ ತೂರಿಸಿಟ್ಟು, ಬಲಗೈಯ ಮರೆಯಲ್ಲಿ ಕಟ್ಟಿನ ಕೆಳಭಾಗವನ್ನು ಕ್ಷಣಾರ್ಧದಲ್ಲಿ ಮೇಲೆ ತರುವ ತಂತ್ರವಿದು. ಲಂಡನ್ನಿನ ವಕೀಲ ಆಂಜೆಲೊ ಲೂಯಿಸ್ 'ಪ್ರೊಫೆಸರ್ ಹಾಫ್‌ಮನ್' ಎಂಬ ಹೆಸರಿನಲ್ಲಿ 1876ರಲ್ಲಿ ಬರೆದ 'ಮಾಡರ್ನ್ ಮ್ಯಾಜಿಕ್' ಗ್ರಂಥದಲ್ಲಿ ಇಸ್ಪೀಟು ವಿದ್ಯೆಗೆಲ್ಲ ಇದೇ ಆಧಾರ. ಕಲಿಯಲು ಬಂದವನು ಮೊದಲು ಈ ಕಡಿದಾದ ಬೆಟ್ಟವನ್ನೇ ಹತ್ತಬೇಕಿತ್ತು. ನನ್ನ ಶಿಷ್ಯ ಹತ್ತುತ್ತಿರುವುದೂ ಅದನ್ನೇ.

ಇದನ್ನು ಪ್ರಶ್ನಿಸಿದವನು ಜಾದೂಗಾರನಲ್ಲ, ಜೂಜುಕಟ್ಟೆಯ ಒಳಗುಟ್ಟು ಬಲ್ಲವನು. 1902ರಲ್ಲಿ ಷಿಕಾಗೋದಲ್ಲಿ 'ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್' ಎಂಬ ಪುಸ್ತಕ ಹೊರಬಂದಿತು. ಕರ್ತೃವಿನ ಹೆಸರು ಎಸ್. ಡಬ್ಲ್ಯು. ಅರ್ಡ್‌ನೇಸ್. ಮುನ್ನುಡಿಯಲ್ಲಿ ಅವನು ಲೋಕೋಪಕಾರದ ಮಾತನ್ನಾಡದೆ, ತನಗೆ ಹಣ ಬೇಕಾಗಿದೆ ಎಂದು ನೇರವಾಗಿ ಬರೆದುಕೊಂಡಿದ್ದಾನೆ. (ಮುನ್ನುಡಿಗಳಲ್ಲಿ ಇಂಥ ಪ್ರಾಮಾಣಿಕತೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ!) ಅವನ ವಾದ ಸ್ಪಷ್ಟವಾದುದು. ಜೂಜಿನ ಮೇಜಿನಲ್ಲಿ ಸಹಜವಾಗಿ ನಡೆಯುವ ಕೆಲಸಗಳು ಮೂರೇ: ಕಲಸುವುದು, ಕಟ್ ಮಾಡುವುದು, ಹಂಚುವುದು. ಪಾಸ್ ಇವುಗಳಲ್ಲಿ ಯಾವುದರಂತೆಯೂ ಕಾಣುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಏನೋ ನಡೆಯಿತೆಂಬ ಸುಳಿವು ಸಿಗುತ್ತದೆ. ಸಿಕ್ಕಿಬಿದ್ದ ಜಾದೂಗಾರನಿಗೆ ನಗೆ ಸಿಗುತ್ತದೆ. ಜೂಜುಗಾರನಿಗೆ ಸಿಗುವುದು ನಗೆಯಲ್ಲ. ಪಾಸ್ ಮಾಡಲೇಬೇಕಾಗಿ ಬಂದರೆ, ವಿಧಾನವನ್ನು ತಿದ್ದಲಾಗದ ಜಾಣ ಅದನ್ನು ಮಾಡುವ ಗಳಿಗೆಯನ್ನು ಬದಲಾಯಿಸುತ್ತಾನೆ ಎಂದೂ ಅವನು ಬರೆದನು. ಮೂರು ದಶಕ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಕೈಗೆ ಸಿಕ್ಕವರೆಲ್ಲ ನಾನು ನೋಡುತ್ತಿದ್ದಾಗ ಅನಗತ್ಯವಾಗಿ ಅಲುಗಾಡಿದವರೇ.

ಹಾಗಾದರೆ ಅವನು ಆರಿಸಿಕೊಂಡದ್ದೇನು? ಸ್ಕಾಟನ ಹಳೆಯ ಮಾರ್ಗವನ್ನೇ, ಆದರೆ ಗಣಿತದ ನಿಖರತೆಯೊಂದಿಗೆ. ಬೇಕಾದ ಎಲೆ ಕಟ್ಟಿನ ಮೇಲಿದೆಯೆನ್ನಿ. ಕಟ್ಟಿನ ಕೆಳಗಿನ ಅರ್ಧವನ್ನು ಬಲಗೈಗೆ ತೆಗೆದುಕೊಂಡು ಕಲಸತೊಡಗುವಾಗ, ಮೊದಲು ಬೀಳುವ ಒಂದೇ ಎಲೆಯನ್ನು ತನ್ನ ಕಡೆಗೆ ಕೂದಲೆಳೆಯಷ್ಟು ಚಾಚುವಂತೆ ಬೀಳಿಸಿ, ಉಳಿದವನ್ನು ಅದರ ಮೇಲೆ ಕಲಸಿಹಾಕುವುದು. ಬಳಿಕ ಆ ಚಾಚಿದ ಅಂಚನ್ನು ಹೆಬ್ಬೆರಳಿನಿಂದ ಗುರುತಿಸಿ, ಅದರ ಕೆಳಗಿನ ಭಾಗವನ್ನೆಲ್ಲ ಎತ್ತಿ ಮೇಲೆ ಹಾಕಿದರೆ ಬೇಕಾದ ಎಲೆ ಮತ್ತೆ ಮೇಲೆಯೇ! ಚಾಚಿದ ಎಲೆಗೆ 'ಜಾಗ್' ಎಂದು ಹೆಸರು. ನೋಡುವವರಿಗೆ ಕಂಡದ್ದು ಎಲೆ ಕಲಸುತ್ತಿರುವ ಮನುಷ್ಯ, ಅಷ್ಟೆ.

ಆಟವಾವನ ಡೈ ವರ್ನನ್ (1894–1992) ಹುಡುಗನಾಗಿದ್ದಾಗಲೇ ಈ ಪುಸ್ತಕವನ್ನು ಅರಗಿಸಿಕೊಂಡು ಮುಂದೆ ಅಮೆರಿಕದ ಜಾದೂಗಾರರಿಗೆಲ್ಲ ಗುರುವಾದನು. ಹ್ಯೂಗಾರ್ಡ್ ಮತ್ತು ಬ್ರಾವೆ ಎಂಬಿಬ್ಬರು 1940ರ ದಶಕದ ಕೊನೆಯಲ್ಲಿ ಬರೆದ 'ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್' ಪಠ್ಯದ ಮೊದಲ ಅಧ್ಯಾಯವೇ ಎಲೆ ಕಲಸುವುದು. ಪಾಸ್ ಹಿಂದಿನ ಅಧ್ಯಾಯಗಳಿಗೆ ಸರಿದಿತ್ತು. ಪಾಸನ್ನು ಬಿಡಬೇಡ, ಆದರೆ ಮೊದಲು ಕಲಸಲು ಕಲಿ ಎಂದು ಶಿಷ್ಯನಿಗೆ ಹೇಳಿ ಕಳುಹಿಸಿದೆ.

ಆ ಅರ್ಡ್‌ನೇಸ್ ಯಾರು? ಇಂದಿಗೂ ನಿಶ್ಚಯವಾಗಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ 'ಇ. ಎಸ್. ಆಂಡ್ರ್ಯೂಸ್' ಎಂದಾಗುತ್ತದೆ. ಗಣಿತ ವಿನೋದದ ಲೇಖಕ ಮಾರ್ಟಿನ್ ಗಾರ್ಡ್ನರ್ 1946ರಲ್ಲಿ ಪುಸ್ತಕಕ್ಕೆ ಚಿತ್ರ ಬರೆದ ಮಾರ್ಷಲ್ ಸ್ಮಿತ್ ಎಂಬ ವೃದ್ಧ ಕಲಾವಿದನನ್ನು ಪತ್ತೆಹಚ್ಚಿದನು. ಅವನಿಗೆ ನೆನಪಿದ್ದದ್ದು ಷಿಕಾಗೋ ಚಳಿಗಾಲದ ಒಂದು ತಣ್ಣನೆಯ ಹೋಟೆಲ್ ಕೋಣೆ, ಕುಳ್ಳನೆಯ, ಸೌಮ್ಯ ಮಾತಿನ ಒಬ್ಬ ಮನುಷ್ಯ, ಮತ್ತು ಹೆಂಗಸರ ಕೈಗಳಂತೆ ಮೃದುವಾಗಿದ್ದ ಅವನ ಎರಡು ಕೈಗಳು.