ಹೋಲಿ ಟ್ರಿನಿಟಿ (ಹೈಬ್ರಿಡ್ ಕಾರುಗಳು)

ಹೋಲಿ ಟ್ರಿನಿಟಿ ಎಂಬುದು ಇಟಲಿಯ ಫೆರಾರಿ ಸಂಸ್ಥೆಯ ಲಾಫೆರಾರಿ, ಬ್ರಿಟನ್ನಿನ ಮೆಕ್ಲಾರೆನ್ ಸಂಸ್ಥೆಯ ಪಿ1 ಹಾಗೂ ಜರ್ಮನಿಯ ಪೋರ್ಷೆ ಸಂಸ್ಥೆಯ 918 ಸ್ಪೈಡರ್ ಎಂಬ ಮೂರು ಕಾರುಗಳನ್ನು ಒಟ್ಟಾಗಿ ಸೂಚಿಸಲು ವಾಹನಾಸಕ್ತರು ಮತ್ತು ವಾಹನ ಪತ್ರಕರ್ತರು ಬಳಸುವ ಹೆಸರು. ತಂದೆ, ಮಗ, ಪವಿತ್ರಾತ್ಮ ಎಂಬ ಕ್ರೈಸ್ತ ಧರ್ಮದ ಪವಿತ್ರ ತ್ರಿತ್ವದ ಕಲ್ಪನೆಯಿಂದ ಈ ಹೆಸರನ್ನು ಎರವಲು ಪಡೆಯಲಾಗಿದೆ. ಮೂರೂ ಕಾರುಗಳು 2013ರಲ್ಲಿ ತಮ್ಮ ಅಂತಿಮ ರೂಪದಲ್ಲಿ ಅನಾವರಣಗೊಂಡವು. ಮೂರರಲ್ಲೂ ಪೆಟ್ರೋಲ್ ಎಂಜಿನ್ ಹಾಗೂ ವಿದ್ಯುತ್ ಮೋಟಾರು ಒಟ್ಟಾಗಿ ಕೆಲಸ ಮಾಡುವ ಹೈಬ್ರಿಡ್ ವ್ಯವಸ್ಥೆಯಿದೆ. ಮೂರೂ ಸೀಮಿತ ಸಂಖ್ಯೆಯಲ್ಲಿ ತಯಾರಾದವು. ಇವುಗಳಲ್ಲಿ ಶ್ರೇಷ್ಠವಾದುದು ಯಾವುದು ಎಂಬ ಚರ್ಚೆ ಆಧುನಿಕ ವಾಹನ ಪ್ರಪಂಚದ ಪ್ರಸಿದ್ಧ ಚರ್ಚೆಗಳಲ್ಲಿ ಒಂದು. ಮೂರೂ ಸಂಸ್ಥೆಗಳು ಶಕ್ತಿ, ತೂಕ ಮತ್ತು ವೇಗಗಳನ್ನು ಒಂದೇ ಕ್ರಮದಲ್ಲಿ ಅಳೆದು ಪ್ರಕಟಿಸದ ಕಾರಣ ಈ ಚರ್ಚೆಗೆ ಸರ್ವಸಮ್ಮತವಾದ ಉತ್ತರ ದೊರೆತಿಲ್ಲ.

ಹಿನ್ನೆಲೆ

ಈ ಮೂರು ಸಂಸ್ಥೆಗಳೂ ಹಲವು ವರ್ಷಗಳಿಗೊಮ್ಮೆ ತಮ್ಮ ತಾಂತ್ರಿಕ ಸಾಮರ್ಥ್ಯವನ್ನೆಲ್ಲ ಒಂದೇ ಕಾರಿನಲ್ಲಿ ತೋರಿಸುವ ಪರಿಪಾಠವನ್ನು ಹೊಂದಿವೆ. 1990ರ ದಶಕದ ಮೆಕ್ಲಾರೆನ್ ಎಫ್1, 2002ರ ಫೆರಾರಿ ಎಂಜೊ ಮತ್ತು 2003ರ ಪೋರ್ಷೆ ಕರೇರಾ ಜಿಟಿ ಇಂತಹ ಕಾರುಗಳು. ಪಿ1, ಲಾಫೆರಾರಿ ಮತ್ತು 918 ಸ್ಪೈಡರ್‌ಗಳನ್ನು ಕ್ರಮವಾಗಿ ಇವುಗಳ ಉತ್ತರಾಧಿಕಾರಿಗಳೆಂದು ಪರಿಗಣಿಸಲಾಗುತ್ತದೆ.

ಹಿಂದಿನ ತಲೆಮಾರಿನ ಈ ಕಾರುಗಳು ಕೇವಲ ಪೆಟ್ರೋಲ್ ಎಂಜಿನ್‌ನಿಂದ ಚಲಿಸುತ್ತಿದ್ದವು. ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ 2009ರಿಂದ ಬ್ರೇಕ್ ಹಾಕುವಾಗ ನಷ್ಟವಾಗುವ ಶಕ್ತಿಯನ್ನು ಸಂಗ್ರಹಿಸಿ ಮರುಬಳಸುವ ವ್ಯವಸ್ಥೆಗೆ ಅವಕಾಶ ದೊರೆಯಿತು. ಅದೇ ಕಾಲದಲ್ಲಿ ಯುರೋಪಿನಲ್ಲಿ ಇಂಗಾಲದ ಹೊರಸೂಸುವಿಕೆಯ ನಿಯಮಗಳು ಬಿಗಿಯಾಗುತ್ತಿದ್ದವು. ಇಂಧನ ಮಿತವ್ಯಯದ ಸಾಧನವೆಂದು ತಿಳಿಯಲಾಗಿದ್ದ ಹೈಬ್ರಿಡ್ ತಂತ್ರಜ್ಞಾನವನ್ನು ವೇಗ ಹೆಚ್ಚಿಸಲು ಬಳಸಬಹುದು ಎಂಬ ವಿಚಾರವನ್ನು ಮೂರೂ ಸಂಸ್ಥೆಗಳು ಬಹುತೇಕ ಏಕಕಾಲಕ್ಕೆ ಕಾರ್ಯರೂಪಕ್ಕೆ ತಂದವು. ಆದರೆ ಪ್ರತಿಯೊಂದು ಸಂಸ್ಥೆಯೂ ಆಯ್ದುಕೊಂಡ ಮಾರ್ಗ ಬೇರೆಯಾಗಿತ್ತು.

ಮೂರು ಕಾರುಗಳು

ಪೋರ್ಷೆ 918 ಸ್ಪೈಡರ್

ಈ ಕಾರಿನ ಪರಿಕಲ್ಪನಾ ಮಾದರಿಯನ್ನು 2010ರ ಜಿನೀವಾ ವಾಹನ ಪ್ರದರ್ಶನದಲ್ಲಿಯೂ ಅಂತಿಮ ರೂಪವನ್ನು 2013ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿಯೂ ಅನಾವರಣಗೊಳಿಸಲಾಯಿತು. ಇದರ 4.6 ಲೀಟರ್ ವಿ8 ಎಂಜಿನ್ ಪೋರ್ಷೆಯ ಆರ್‌ಎಸ್ ಸ್ಪೈಡರ್ ರೇಸ್ ಕಾರಿನ ಎಂಜಿನ್‌ನಿಂದ ಬೆಳೆದುಬಂದಿದ್ದು, 608 ಮೆಟ್ರಿಕ್ ಅಶ್ವಶಕ್ತಿಯನ್ನು ನೀಡುತ್ತದೆ. ಹಿಂಬದಿಯಲ್ಲಿ ಒಂದು ಮತ್ತು ಮುಂಬದಿಯಲ್ಲಿ ಒಂದು ವಿದ್ಯುತ್ ಮೋಟಾರು ಇರುವುದರಿಂದ ನಾಲ್ಕೂ ಚಕ್ರಗಳಿಗೆ ಶಕ್ತಿ ತಲುಪುತ್ತದೆ. ಮೂರು ಕಾರುಗಳಲ್ಲಿ ಈ ಸೌಲಭ್ಯ ಇರುವುದು ಇದಕ್ಕೆ ಮಾತ್ರ. 6.8 ಕಿಲೋವ್ಯಾಟ್ ಗಂಟೆ ಸಾಮರ್ಥ್ಯದ ಬ್ಯಾಟರಿಯನ್ನು ಹೊರಗಿನ ವಿದ್ಯುತ್ ಸಂಪರ್ಕದಿಂದ ಚಾರ್ಜ್ ಮಾಡಬಹುದು. ಎಂಜಿನ್ ಚಾಲನೆಗೊಳಿಸದೆ, ಕೇವಲ ವಿದ್ಯುತ್ತಿನಿಂದಲೇ ಗಂಟೆಗೆ 150 ಕಿ.ಮೀ. ವೇಗದವರೆಗೆ ಸಾಗಬಹುದು. ಹೆಸರಿಗೆ ಹೊಂದುವಂತೆ 918 ಕಾರುಗಳನ್ನು ತಯಾರಿಸಲಾಯಿತು. ತಯಾರಿಕೆ 2015ರಲ್ಲಿ ಮುಕ್ತಾಯವಾಯಿತು.

ಮೆಕ್ಲಾರೆನ್ ಪಿ1

2012ರ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಪಿ1, 2013ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಅಂತಿಮ ರೂಪದಲ್ಲಿ ಅನಾವರಣಗೊಂಡಿತು. ಎರಡು ಟರ್ಬೋಚಾರ್ಜರ್‌ಗಳುಳ್ಳ 3.8 ಲೀಟರ್ ವಿ8 ಎಂಜಿನ್ 737 ಅಶ್ವಶಕ್ತಿಯನ್ನೂ ವಿದ್ಯುತ್ ಮೋಟಾರು 179 ಅಶ್ವಶಕ್ತಿಯನ್ನೂ ನೀಡುತ್ತವೆ. ಚಾಲಕ ಆಕ್ಸಿಲರೇಟರ್ ಒತ್ತಿದ ಬಳಿಕ ಟರ್ಬೋಚಾರ್ಜರ್‌ಗಳು ಪೂರ್ಣ ಒತ್ತಡ ಪಡೆಯಲು ಸ್ವಲ್ಪ ಸಮಯ ಬೇಕಾಗುತ್ತದೆ. ಆ ಅಂತರದಲ್ಲಿ ವಿದ್ಯುತ್ ಮೋಟಾರು ಶಕ್ತಿ ಒದಗಿಸುತ್ತದೆ. ರೇಸ್ ವಿಧಾನವನ್ನು ಆಯ್ದುಕೊಂಡಾಗ ಕಾರಿನ ಒಡಲು 50 ಮಿ.ಮೀ. ಕೆಳಗಿಳಿಯುತ್ತದೆ ಮತ್ತು ಹಿಂಬದಿಯ ರೆಕ್ಕೆ 300 ಮಿ.ಮೀ. ಮೇಲೇರುತ್ತದೆ. ಇದರಿಂದ ಗಾಳಿಯ ಒತ್ತಡ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಇದನ್ನೂ ಹೊರಗಿನ ವಿದ್ಯುತ್ತಿನಿಂದ ಚಾರ್ಜ್ ಮಾಡಬಹುದಾದರೂ ವಿದ್ಯುತ್ತಿನಿಂದ ಮಾತ್ರ ಸಾಗುವ ದೂರ ಸುಮಾರು 10 ಕಿ.ಮೀ.ಗೆ ಸೀಮಿತ. ತಯಾರಾದ ಕಾರುಗಳ ಸಂಖ್ಯೆ 375.

ಲಾಫೆರಾರಿ

ಪಿ1 ಅನಾವರಣಗೊಂಡ ಅದೇ ಜಿನೀವಾ ಪ್ರದರ್ಶನದಲ್ಲಿ ಲಾಫೆರಾರಿಯೂ ಅನಾವರಣಗೊಂಡಿತು. ಟರ್ಬೋಚಾರ್ಜರ್ ಇಲ್ಲದ ಇದರ 6.3 ಲೀಟರ್ ವಿ12 ಎಂಜಿನ್ ನಿಮಿಷಕ್ಕೆ 9,000 ಸುತ್ತುಗಳಲ್ಲಿ 800 ಅಶ್ವಶಕ್ತಿಯನ್ನು ನೀಡುತ್ತದೆ. ಇದಕ್ಕೆ 163 ಅಶ್ವಶಕ್ತಿಯ ವಿದ್ಯುತ್ ಮೋಟಾರು ಜೊತೆಗೂಡುತ್ತದೆ. ಈ ಕಾರನ್ನು ಹೊರಗಿನಿಂದ ಚಾರ್ಜ್ ಮಾಡುವಂತಿಲ್ಲ ಮತ್ತು ಕೇವಲ ವಿದ್ಯುತ್ತಿನಿಂದ ಓಡಿಸುವಂತಿಲ್ಲ. ಬ್ರೇಕ್ ಹಾಕಿದಾಗಲೂ ಎಂಜಿನ್‌ನ ಶಕ್ತಿ ಅಗತ್ಯಕ್ಕಿಂತ ಹೆಚ್ಚಿದ್ದಾಗಲೂ ಬ್ಯಾಟರಿ ತುಂಬಿಕೊಳ್ಳುತ್ತದೆ. ಮೊದಲಿಗೆ 499 ಕಾರುಗಳು ತಯಾರಾದವು. 2016ರ ಆಗಸ್ಟ್‌ನಲ್ಲಿ ಮಧ್ಯ ಇಟಲಿಯಲ್ಲಿ ಸಂಭವಿಸಿದ ಭೂಕಂಪದ ಸಂತ್ರಸ್ತರ ನೆರವಿಗಾಗಿ ಇನ್ನೊಂದು ಕಾರನ್ನು ತಯಾರಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಹರಾಜು ಹಾಕಲಾಯಿತು. ಅದು 70 ಲಕ್ಷ ಅಮೆರಿಕನ್ ಡಾಲರ್‌ಗೆ ಮಾರಾಟವಾಯಿತು. ಮೇಲ್ಛಾವಣಿ ತೆಗೆಯಬಹುದಾದ ಅಪೆರ್ಟಾ ಎಂಬ ಆವೃತ್ತಿಯೂ ನಂತರ ಹೊರಬಂದಿತು.

ಹೋಲಿಕೆಯ ಮಾನದಂಡಗಳು

ಶಕ್ತಿ

ಸಂಸ್ಥೆಗಳು ಪ್ರಕಟಿಸಿದ ಒಟ್ಟು ಶಕ್ತಿ ಲಾಫೆರಾರಿಗೆ 963, ಪಿ1ಗೆ 916 ಹಾಗೂ 918 ಸ್ಪೈಡರ್‌ಗೆ 887 ಮೆಟ್ರಿಕ್ ಅಶ್ವಶಕ್ತಿ. ಈ ಅಂಕಿಗಳನ್ನು ಹೋಲಿಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದು ಅಳತೆಯ ಘಟಕ. ಒಂದು ಮೆಟ್ರಿಕ್ ಅಶ್ವಶಕ್ತಿ ಸುಮಾರು 735.5 ವ್ಯಾಟ್‌ಗೆ ಸಮ. ಬ್ರಿಟಿಷ್ ಅಶ್ವಶಕ್ತಿ ಸುಮಾರು 745.7 ವ್ಯಾಟ್‌ಗೆ ಸಮ. ಆದ್ದರಿಂದ ಪಿ1ರ ಶಕ್ತಿಯನ್ನು ಕೆಲವೆಡೆ 916 ಎಂದೂ ಕೆಲವೆಡೆ 903 ಎಂದೂ ಬರೆಯಲಾಗಿದ್ದು, ಎರಡೂ ಒಂದೇ ಪ್ರಮಾಣವನ್ನು ಸೂಚಿಸುತ್ತವೆ. ಒಂದು ಕಾರಿನ ಮೆಟ್ರಿಕ್ ಅಂಕಿಯನ್ನು ಮತ್ತೊಂದರ ಬ್ರಿಟಿಷ್ ಅಂಕಿಯೊಡನೆ ಇಟ್ಟು ನೋಡಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ.

ಎರಡನೆಯದು ಕೂಡಿಸುವ ಕ್ರಮ. ಫೆರಾರಿ ಮತ್ತು ಮೆಕ್ಲಾರೆನ್‌ಗಳ ಒಟ್ಟು ಅಂಕಿ ಎಂಜಿನ್ ಹಾಗೂ ಮೋಟಾರುಗಳ ಗರಿಷ್ಠ ಶಕ್ತಿಗಳ ನೇರ ಮೊತ್ತಕ್ಕೆ ಸಮವಾಗಿದೆ. ಪೋರ್ಷೆಯ 608, 156 ಮತ್ತು 129 ಅಶ್ವಶಕ್ತಿಗಳನ್ನು ಕೂಡಿದರೆ 893 ಬರುತ್ತದೆಯಾದರೂ ಸಂಸ್ಥೆ ನಮೂದಿಸಿರುವುದು 887. ಎಂಜಿನ್ ಮತ್ತು ಮೋಟಾರುಗಳು ತಮ್ಮ ಗರಿಷ್ಠ ಶಕ್ತಿಯನ್ನು ಒಂದೇ ವೇಗದಲ್ಲಿ ನೀಡಬೇಕೆಂದಿಲ್ಲ. ಹೀಗಾಗಿ ಹೈಬ್ರಿಡ್ ಕಾರಿನ ಒಟ್ಟು ಶಕ್ತಿ ಅದರ ಭಾಗಗಳ ಮೊತ್ತಕ್ಕಿಂತ ಕಡಿಮೆಯಿರಬಹುದು.

ತೂಕ

ತೂಕದ ಹೋಲಿಕೆ ಇನ್ನೂ ಜಟಿಲವಾದುದು. ಪಿ1ರ ತೂಕವನ್ನು ಮೆಕ್ಲಾರೆನ್ 1,395 ಕೆ.ಜಿ. ಎಂದು ಪ್ರಕಟಿಸಿತು. ಇದು ಇಂಧನ ಮುಂತಾದ ದ್ರವಗಳನ್ನು ಹೊರತುಪಡಿಸಿದ 'ಒಣ ತೂಕ'. ಪೋರ್ಷೆ ಪ್ರಕಟಿಸಿದ 1,674 ಕೆ.ಜಿ. ಜರ್ಮನ್ ಮಾನಕದ ಪ್ರಕಾರ ದ್ರವಗಳನ್ನೂ ಒಳಗೊಂಡ ತೂಕ. ವೈಸಾಖ್ ಪ್ಯಾಕೇಜ್ ಎಂಬ ಹಗುರ ಆವೃತ್ತಿಯಲ್ಲಿ ಇದು 1,634 ಕೆ.ಜಿ.ಗೆ ಇಳಿಯುತ್ತದೆ. ಮುಂಬದಿಯ ಮೋಟಾರು ಮತ್ತು ದೊಡ್ಡ ಬ್ಯಾಟರಿಯ ಕಾರಣದಿಂದ ಪೋರ್ಷೆಯೇ ಹೆಚ್ಚು ಭಾರವಾದ ಕಾರು ಎಂಬುದು ನಿಜ. ಆದರೆ ಮೇಲಿನ ಎರಡು ಅಂಕಿಗಳ ನಡುವಿನ 279 ಕೆ.ಜಿ. ಅಂತರವೆಲ್ಲವೂ ಕಾರುಗಳ ನಡುವಿನ ಅಂತರವಲ್ಲ. ಅದರಲ್ಲಿ ಒಂದು ಪಾಲು ತೂಗುವ ಕ್ರಮದ ಅಂತರ.

ವೇಗವರ್ಧನೆ

ಸಂಸ್ಥೆಗಳ ಹೇಳಿಕೆಯ ಪ್ರಕಾರ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ತಲುಪಲು 918 ಸ್ಪೈಡರ್‌ಗೆ 2.6 ಸೆಕೆಂಡ್, ಪಿ1ಗೆ 2.8 ಸೆಕೆಂಡ್ ಮತ್ತು ಲಾಫೆರಾರಿಗೆ 3 ಸೆಕೆಂಡಿಗಿಂತ ಕಡಿಮೆ ಸಮಯ ಸಾಕು. 200 ಕಿ.ಮೀ. ವೇಗಕ್ಕೆ ಪಿ1 6.8 ಸೆಕೆಂಡ್, ಲಾಫೆರಾರಿ 7 ಸೆಕೆಂಡಿಗಿಂತ ಕಡಿಮೆ, ವೈಸಾಖ್ ಪ್ಯಾಕೇಜ್‌ನ 918 ಸ್ಪೈಡರ್ 7.2 ಸೆಕೆಂಡ್ ತೆಗೆದುಕೊಳ್ಳುತ್ತವೆ. 300 ಕಿ.ಮೀ. ವೇಗಕ್ಕೆ ಲಾಫೆರಾರಿಗೆ 15, ಪಿ1ಗೆ 16.5 ಮತ್ತು ಅದೇ ಪೋರ್ಷೆಗೆ 19.9 ಸೆಕೆಂಡ್ ಬೇಕು.

ಮೊದಲ ಹಂತದಲ್ಲಿ ಮುಂದಿದ್ದ ಕಾರು ಕೊನೆಯ ಹಂತದಲ್ಲಿ ಹಿಂದೆ ಬೀಳುವುದಕ್ಕೆ ಸ್ಪಷ್ಟವಾದ ಕಾರಣವಿದೆ. ಕಡಿಮೆ ವೇಗದಲ್ಲಿ ಎಂಜಿನ್‌ಗೆ ಶಕ್ತಿಯ ಕೊರತೆಯಿರುವುದಿಲ್ಲ, ಟಯರ್‌ಗೆ ನೆಲದ ಹಿಡಿತದ ಕೊರತೆಯಿರುತ್ತದೆ. ನಾಲ್ಕು ಚಕ್ರಗಳಿಂದ ತಳ್ಳುವ ಪೋರ್ಷೆ ಇಲ್ಲಿ ಲಾಭ ಪಡೆಯುತ್ತದೆ. ವೇಗ ಹೆಚ್ಚಿದಂತೆ ಹಿಡಿತದ ಪ್ರಶ್ನೆ ಹಿಂದೆ ಸರಿದು, ತೂಕ, ಶಕ್ತಿ ಮತ್ತು ಗಾಳಿಯ ಪ್ರತಿರೋಧ ನಿರ್ಣಾಯಕವಾಗುತ್ತವೆ. ಆಗ ಹಿಂಚಕ್ರಗಳಿಂದ ಮಾತ್ರ ಚಲಿಸುವ ಉಳಿದೆರಡು ಕಾರುಗಳು ಮುನ್ನಡೆಯುತ್ತವೆ. ಆದ್ದರಿಂದ 'ಯಾವ ಕಾರು ವೇಗವಾದುದು' ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು ಎಷ್ಟು ವೇಗದವರೆಗೆ ಎಂಬುದನ್ನು ನಿರ್ದಿಷ್ಟಪಡಿಸಬೇಕಾಗುತ್ತದೆ.

ಸುತ್ತಿನ ಸಮಯ

ಜರ್ಮನಿಯ ನೂರ್ಬರ್ಗ್‌ರಿಂಗ್ ಪಥದ ಉತ್ತರ ಸುತ್ತು ಕಾರುಗಳ ಸಾಮರ್ಥ್ಯವನ್ನು ಅಳೆಯುವ ಪ್ರಮುಖ ಸ್ಥಳವಾಗಿದೆ. 2013ರ ಸೆಪ್ಟೆಂಬರ್‌ನಲ್ಲಿ ಚಾಲಕ ಮಾರ್ಕ್ ಲೀಬ್ 918 ಸ್ಪೈಡರ್ ಕಾರಿನಲ್ಲಿ ಈ ಸುತ್ತನ್ನು 6 ನಿಮಿಷ 57 ಸೆಕೆಂಡುಗಳಲ್ಲಿ ಪೂರೈಸಿದರು. ಪಿ1 ಕೂಡ 7 ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಸುತ್ತನ್ನು ಮುಗಿಸಿತೆಂದು ಮೆಕ್ಲಾರೆನ್ ಪ್ರಕಟಿಸಿತಾದರೂ ನಿಖರವಾದ ಸಮಯವನ್ನು ತಿಳಿಸಲಿಲ್ಲ. ಫೆರಾರಿ ಅಲ್ಲಿನ ಸಮಯವನ್ನು ಪ್ರಕಟಿಸದೆ, ತನ್ನದೇ ಆದ ಫಿಯೊರಾನೊ ಪರೀಕ್ಷಾ ಪಥದಲ್ಲಿ ಲಾಫೆರಾರಿ ಎಂಜೊಗಿಂತ ಸುಮಾರು 5 ಸೆಕೆಂಡ್ ಮುಂದಿದೆ ಎಂದು ಹೇಳಿತು. ಹೀಗೆ ಮೂವರೂ ಒಂದೇ ಪಥದಲ್ಲಿ ನಿಖರ ಸಮಯ ನೀಡಿದ ಅಧಿಕೃತ ದಾಖಲೆ ಇಲ್ಲವಾಯಿತು.

ನೂರ್ಬರ್ಗ್‌ರಿಂಗ್‌ನ ಸಮಯಗಳಲ್ಲಿಯೂ ಎಚ್ಚರಿಕೆ ಅಗತ್ಯ. ಆ ಕಾಲದ ರೂಢಿಯಂತೆ ಪ್ರೇಕ್ಷಕರ ಗ್ಯಾಲರಿಯ ಬಳಿಯ ನೇರ ಹಾದಿಯ ಒಂದು ಭಾಗವನ್ನು ಬಿಟ್ಟು 20.6 ಕಿ.ಮೀ. ದೂರವನ್ನು ಅಳೆಯಲಾಗುತ್ತಿತ್ತು. 2019ರಲ್ಲಿ ಪಥದ ಆಡಳಿತ 20.832 ಕಿ.ಮೀ.ಗಳ ಪೂರ್ಣ ಸುತ್ತನ್ನು ಅಧಿಕೃತ ದಾಖಲೆಗೆ ನಿಗದಿಪಡಿಸಿತು. ಆದ್ದರಿಂದ ಹಳೆಯ ಮತ್ತು ಹೊಸ ಸಮಯಗಳನ್ನು ನೇರವಾಗಿ ಹೋಲಿಸಲಾಗದು.

ಸ್ವತಂತ್ರ ಪರೀಕ್ಷೆಗಳು

ದುಬಾರಿ ಬೆಲೆ ಹಾಗೂ ಸೀಮಿತ ಸಂಖ್ಯೆಯ ಕಾರಣದಿಂದ ಮೂರೂ ಕಾರುಗಳನ್ನು ಒಂದೇ ದಿನ ಒಂದೇ ಪಥಕ್ಕೆ ತರುವುದು ಪತ್ರಕರ್ತರಿಗೆ ಕಷ್ಟಸಾಧ್ಯವಾಗಿತ್ತು. ಇಂತಹ ಪ್ರಯತ್ನಗಳಲ್ಲಿ ಹೆಚ್ಚು ಜನಪ್ರಿಯವಾದುದು 'ದಿ ಗ್ರ್ಯಾಂಡ್ ಟೂರ್' ಕಾರ್ಯಕ್ರಮದ ಮೊದಲ ಸಂಚಿಕೆ. 2016ರ ನವೆಂಬರ್‌ನಲ್ಲಿ ಪ್ರಸಾರವಾದ ಈ ಸಂಚಿಕೆಗೆ 'ದಿ ಹೋಲಿ ಟ್ರಿನಿಟಿ' ಎಂದೇ ಹೆಸರಿಡಲಾಗಿತ್ತು. ಪೋರ್ಚುಗಲ್‌ನ ಪೋರ್ಟಿಮಾವೊ ಪಥದಲ್ಲಿ ನಡೆದ ಈ ಹೋಲಿಕೆಯಲ್ಲಿ 918 ಸ್ಪೈಡರ್ ಮೊದಲ ಸ್ಥಾನವನ್ನು ಪಡೆಯಿತು. ಪಿ1 ಗೆಲ್ಲದಿದ್ದರೆ ತನ್ನ ಮನೆಯನ್ನು ಕೆಡವಬಹುದೆಂದು ನಿರೂಪಕ ಜೆರೆಮಿ ಕ್ಲಾರ್ಕ್ಸನ್ ಕಟ್ಟಿದ್ದ ಪಂತ ವೀಕ್ಷಕರ ಗಮನ ಸೆಳೆಯಿತು.

ಇಂತಹ ಪರೀಕ್ಷೆಗಳ ಫಲಿತಾಂಶವನ್ನು ಟಯರ್, ಹವಾಮಾನ, ಚಾಲಕ ಮತ್ತು ಬ್ಯಾಟರಿಯ ಸ್ಥಿತಿ ಬದಲಿಸಬಲ್ಲವು. ವಿಶೇಷವಾಗಿ ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ತುಂಬಿರುವಾಗಿನ ಮೊದಲ ಸುತ್ತು ಮತ್ತು ಅದು ಬರಿದಾದ ಬಳಿಕದ ಸುತ್ತು ಒಂದೇ ಆಗಿರುವುದಿಲ್ಲ. ಆದ್ದರಿಂದ ಕೆಲವೇ ಸುತ್ತುಗಳ ಫಲಿತಾಂಶ ಆ ದಿನದ, ಆ ಪಥದ ಫಲಿತಾಂಶವೇ ಹೊರತು ಅಂತಿಮ ತೀರ್ಪಲ್ಲ.

ಪರಿಣಾಮ

ಮೂರೂ ಕಾರುಗಳ ಹೋಲಿಕೆಯಿಂದ ವಿಜೇತರು ನಿರ್ಧಾರವಾಗದಿದ್ದರೂ, ಹೈಬ್ರಿಡ್ ತಂತ್ರಜ್ಞಾನ ಅತಿವೇಗದ ಕಾರುಗಳಿಗೆ ಸಲ್ಲದು ಎಂಬ ಅನುಮಾನ ದೂರವಾಯಿತು. 918 ಸ್ಪೈಡರ್ ದೈನಂದಿನ ಬಳಕೆಗೂ ಒಗ್ಗುವ ಕಾರೆಂದು, ಪಿ1 ರೇಸ್ ಪಥದ ಕಡೆಗೆ ಒಲಿದ ಕಾರೆಂದು, ಲಾಫೆರಾರಿ ವಿ12 ಎಂಜಿನ್‌ನ ಧ್ವನಿ ಹಾಗೂ ಸ್ಪಂದನೆಯನ್ನು ಉಳಿಸಿಕೊಂಡ ಕಾರೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಮೆಕ್ಲಾರೆನ್ ಡಬ್ಲ್ಯು1 ಹಾಗೂ ಫೆರಾರಿ ಎಫ್80 ಎಂಬ ಹೊಸ ಹೈಬ್ರಿಡ್ ಕಾರುಗಳು ಅನಾವರಣಗೊಂಡವು. ಮೊದಲನೆಯದಕ್ಕೆ 1,275, ಎರಡನೆಯದಕ್ಕೆ 1,200 ಮೆಟ್ರಿಕ್ ಅಶ್ವಶಕ್ತಿಯನ್ನು ಸಂಸ್ಥೆಗಳು ನಮೂದಿಸಿವೆ. ಪೋರ್ಷೆ 2023ರಲ್ಲಿ ಮಿಷನ್ ಎಕ್ಸ್ ಎಂಬ ಪೂರ್ಣ ವಿದ್ಯುತ್ ಚಾಲಿತ ಪರಿಕಲ್ಪನಾ ಕಾರನ್ನು ಪ್ರದರ್ಶಿಸಿತು.