ದ್ಯೂತವೂ ಚೌರ್ಯವೂ

ಭಾರತೀಯ ವಾಙ್ಮಯದಲ್ಲಿ ಜೂಜುಗಾರನ ಸ್ವರವು ಮೊದಲು ಕೇಳಿಬರುವುದು ಋಗ್ವೇದದಲ್ಲಿ. ಅದರ ಹತ್ತನೆಯ ಮಂಡಲದ 34ನೆಯ ಸೂಕ್ತವು ದೇವತಾಸ್ತುತಿಗಳ ನಡುವೆ ಬೇರೆಯಾಗಿಯೇ ನಿಲ್ಲುತ್ತದೆ. ಅದು ಪಣದಲ್ಲಿ ಸರ್ವಸ್ವವನ್ನೂ ಕಳೆದುಕೊಂಡವನೊಬ್ಬನ ಪ್ರಲಾಪ. ತಾರೆಯ ಕಾಯಿಗಳೇ ಆಗಿನ ದಾಳಗಳು. ಇನ್ನು ಆಡೆನೆಂದು ಅವನು ನಿಶ್ಚಯಿಸಿದರೂ, ಅವುಗಳ ಸದ್ದು ಕಿವಿಗೆ ಬಿದ್ದೊಡನೆ ಕಾಲು ತಾನಾಗಿ ಅತ್ತ ಹೊರಳುವುದು. ಹೆಂಡತಿ ದೂರವಾದಳು, ಅತ್ತೆ ದ್ವೇಷಿಸಿದಳು, ತಂದೆ ತಾಯಿ ಸೋದರರು, ಇವನನ್ನು ಅರಿಯೆವು, ಕಟ್ಟಿ ಒಯ್ಯಿರಿ ಎಂದುಬಿಟ್ಟರು. ಕಡೆಗೆ ಸಾಲಕ್ಕೆ ಅಂಜಿ, ಧನವನ್ನರಸುತ್ತ, ಅವನು ರಾತ್ರಿಯ ವೇಳೆ ಪರರ ಮನೆಗಳತ್ತ ಹೋಗುತ್ತಾನೆ. ಸೋಲು, ಸಾಲ, ಭಯ, ಕತ್ತಲೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಆ ಪ್ರಾಚೀನ ಕವಿಯು ಕ್ರಮವಾಗಿಯೇ ಕಂಡಿದ್ದನು. ಅವನ ದೃಷ್ಟಿಯಲ್ಲಿ ಜೂಜುಗಾರನೇ ಕಳ್ಳನಾಗುವನು.

ಧರ್ಮಶಾಸ್ತ್ರಕಾರರು ಇದೇ ಸಂಬಂಧವನ್ನು ಇನ್ನೊಂದು ಕಡೆಯಿಂದ ನೋಡಿದರು. ಮನುವು ದ್ಯೂತವನ್ನು ಹಗಲುಗಳ್ಳತನವೆಂದೇ ಎಣಿಸಿ, ರಾಜನು ಅದನ್ನು ತನ್ನ ರಾಷ್ಟ್ರದಿಂದ ಹೊರಗಟ್ಟಬೇಕೆಂದು ವಿಧಿಸಿದನು. ಕೌಟಿಲ್ಯನ ಮಾರ್ಗವು ಬೇರೆ. ಅರ್ಥಶಾಸ್ತ್ರದ ಪ್ರಕಾರ ದ್ಯೂತಾಧ್ಯಕ್ಷನೆಂಬ ಅಧಿಕಾರಿಯು ಆಟವನ್ನೆಲ್ಲ ಒಂದೇ ಸ್ಥಳದಲ್ಲಿ ನಡೆಯಿಸಬೇಕು. ಬೇರೆಡೆ ಆಡಿದವನಿಗೆ 12 ಪಣ ದಂಡ. ದಾಳಗಳನ್ನು ಅಧ್ಯಕ್ಷನೇ ಬಾಡಿಗೆಗೆ ಒದಗಿಸಿ, ಗೆದ್ದ ಹಣದಲ್ಲಿ ನೂರಕ್ಕೆ 5ರಂತೆ ಪಾಲು ತೆಗೆದುಕೊಳ್ಳುವನು. ಈ ಏರ್ಪಾಡಿನ ಉದ್ದೇಶವು ಬರಿಯ ವರಮಾನವಲ್ಲ. ಗುಟ್ಟಾಗಿ ಜೀವಿಸುವವರನ್ನು, ಎಂದರೆ ಕಳ್ಳರನ್ನು, ಪತ್ತೆಹಚ್ಚುವುದೆಂದು ಗ್ರಂಥವೇ ಹೇಳುತ್ತದೆ. ಜೂಜಿನ ವ್ಯವಹಾರದಲ್ಲಿ ಸೋತವನಿಗೆ ಗೆದ್ದವನಿಗಿಂತ ಹೆಚ್ಚು ದಂಡವಾಗಬೇಕೆಂಬ ಪೂರ್ವಾಚಾರ್ಯರ ಮತವನ್ನು ಕೌಟಿಲ್ಯನು ಒಪ್ಪಲಿಲ್ಲ. ಸೋತವನಿಗೆ ದಂಡವನ್ನು ಇಮ್ಮಡಿಸಿದರೆ ಯಾವನೂ ರಾಜನ ಬಳಿಗೆ ದೂರು ತರಲಾರನೆಂಬುದು ಅವನ ಕಾರಣ. ಈ ಸಣ್ಣ ಮಾತು ಮುಂದಿನ ಎಷ್ಟೋ ಶಾಸನಗಳಿಗಿಂತ ದೂರದೃಷ್ಟಿಯುಳ್ಳದ್ದು.

ಯಾಜ್ಞವಲ್ಕ್ಯನೂ ದ್ಯೂತವು ಒಬ್ಬನ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕೆಂದನು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಕಳವಿನಿಂದ ಹಣ ಸಂಪಾದಿಸಿದವರೇ ಪ್ರಾಯಶಃ ಜೂಜುಗಾರರಾಗುವರು, ಆದುದರಿಂದ ಜೂಜುಕಟ್ಟೆಯು ಕಳ್ಳರನ್ನು ಗುರುತಿಸುವ ಸ್ಥಾನವೆಂದು ಅವನು ವಿವರಿಸಿದನು. ಮನುವಿನ ನಿಷೇಧವು ಕಪಟದ ದಾಳಗಳಿಗೂ ರಾಜನ ಅನುಮತಿಯಿಲ್ಲದ ಆಟಕ್ಕೂ ಅನ್ವಯಿಸುವುದೆಂದು ಹೇಳಿ ಎರಡು ಸ್ಮೃತಿಗಳನ್ನೂ ಹೊಂದಿಸಿದನು. ಇಲ್ಲಿ ಕಳ್ಳನೇ ಜೂಜುಗಾರ. ವೇದದ ಕವಿಯು ಕಂಡದ್ದು ಇದಕ್ಕೆ ತೀರ ವಿಪರೀತವಾದ ಕ್ರಮ. ರಾಜ್ಯವು ಜೂಜುಕಟ್ಟೆಯನ್ನು ಕಾಯಬೇಕೋ ಕೆಡವಬೇಕೋ ಎಂಬ ಪ್ರಶ್ನೆಗೆ ಉತ್ತರವು ಈ ಎರಡರಲ್ಲಿ ಯಾವುದನ್ನು ನಂಬುವೆವೆಂಬುದನ್ನೇ ಅವಲಂಬಿಸಿದೆ.

ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕವು ಕಟ್ಟೆಯ ಒಳಗನ್ನೇ ತೆರೆದು ತೋರಿಸುತ್ತದೆ. ಪಾಟಲಿಪುತ್ರದ ಗೃಹಸ್ಥನೊಬ್ಬನ ಮಗನು ದೇಶ ನೋಡುವ ಆಸೆಯಿಂದ ಉಜ್ಜಯಿನಿಗೆ ಬಂದು, ಮೈಯೊತ್ತುವ ವಿದ್ಯೆಯಿಂದ ಚಾರುದತ್ತನನ್ನು ಸೇವಿಸಿಕೊಂಡಿದ್ದನು. ಒಡೆಯನು ಬಡವನಾಗಲು ಈ ಸಂವಾಹಕನು ಜೂಜಿಗಿಳಿದು 10 ಸುವರ್ಣಗಳ ಸಾಲಕ್ಕೆ ಸಿಲುಕಿದನು. ಓಡಿಹೋಗಿ ಪಾಳುಗುಡಿಯೊಂದರಲ್ಲಿ ವಿಗ್ರಹದಂತೆ ನಿಂತನು. ಬೆನ್ನಟ್ಟಿ ಬಂದವರು ಅಲ್ಲಿಯೇ ಆಟಕ್ಕೆ ಕುಳಿತಾಗ, ಅಡಗಿದ್ದವನು ಸದ್ದು ಕೇಳಿ ತಾಳಲಾರದೆ ತಾನೇ ಹೊರಬಿದ್ದನು! ಕಟ್ಟೆಯ ಒಡೆಯನು ಅವನನ್ನು ಹೊಡೆದು, ಮೈಯನ್ನಾದರೂ ಮಾರಿ ಸಾಲ ತೀರಿಸೆಂದನು. ಬೀದಿಯಲ್ಲಿ ಕೊಳ್ಳುವವರು ಯಾರೂ ಇರಲಿಲ್ಲ. ವೇದದ ಜೂಜುಗಾರನು ಪರರ ಮನೆಯತ್ತ ನಡೆದದ್ದು ಇಂತಹ ಘಳಿಗೆಯಲ್ಲಿಯೇ. ಸಂವಾಹಕನು ಹೊಕ್ಕ ಪರಮನೆಯು ವಸಂತಸೇನೆಯದಾದುದರಿಂದ ಅವನು ಉಳಿದನು. ಆಕೆ ತನ್ನ ಕಡಗವನ್ನು, ಅವನೇ ಕಳುಹಿಸಿದನೆಂದು ಹೇಳಿಸಿ, ಸಾಲಗಾರರಿಗೆ ಕೊಟ್ಟಳು. ಹಣದೊಡನೆ ಮಾನವೂ ಉಳಿಯಿತು. ಅವನು ಜೂಜನ್ನು ತೊರೆದು ಭಿಕ್ಷುವಾದನು. ಮುಂದೆ ಶಕಾರನು ಕತ್ತು ಹಿಸುಕಿ ಬಿಟ್ಟುಹೋದ ವಸಂತಸೇನೆಯನ್ನು ಬದುಕಿಸಿದವನೂ ಅವನೇ.

ಆಂಗ್ಲರ ಆಳಿಕೆಯಲ್ಲಿ ಜೂಜುಮನೆಯು ಪೊಲೀಸರ ವಿಷಯವಾಯಿತು. 1867ರ ಸಾರ್ವಜನಿಕ ಜೂಜಿನ ಕಾಯಿದೆಯು ಜೂಜುಮನೆ ನಡೆಯಿಸುವವನಿಗೆ 200 ರೂಪಾಯಿಗಳವರೆಗೆ ದಂಡ ಅಥವಾ 3 ತಿಂಗಳವರೆಗೆ ಸೆರೆ, ಅಲ್ಲಿ ಸಿಕ್ಕವನಿಗೆ 100 ರೂಪಾಯಿಗಳವರೆಗೆ ದಂಡ ಅಥವಾ ಒಂದು ತಿಂಗಳವರೆಗೆ ಸೆರೆಯೆಂದು ಗೊತ್ತುಪಡಿಸಿ, ಕೇವಲ ಕೌಶಲದ ಆಟಗಳನ್ನು ಬಿಟ್ಟುಕೊಟ್ಟಿತು. ಮುಂದಿನ ವಿವಾದಗಳಿಗೆಲ್ಲ ಈ ವಿನಾಯಿತಿಯೇ ಬಾಗಿಲಾಯಿತು. ಬೆಂಗಳೂರಿನಿಂದ ಹೊರಡುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಎಂಬ ವಾರಪತ್ರಿಕೆಯ ಪದಬಂಧದ ಬಹುಮಾನ ಸ್ಪರ್ಧೆಗಳು ಮುಂಬಯಿ ಪ್ರಾಂತದಲ್ಲಿಯೂ ಹರಡಿದಾಗ, ಅವು ವಿದ್ಯೆಯೋ ಜೂಜೋ ಎಂಬ ವ್ಯಾಜ್ಯವು ಸುಪ್ರೀಂ ಕೋರ್ಟನ್ನು ಮುಟ್ಟಿತು. 1957ರ ತೀರ್ಪು ಅವನ್ನು ಜೂಜೆಂದೇ ಎಣಿಸಿತು. ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದು ಸಾರುವಾಗ ಆ ತೀರ್ಪು ಋಗ್ವೇದದ ಅದೇ ಸೂಕ್ತವನ್ನು ಸ್ಮರಿಸಿತು.

ಕರ್ನಾಟಕದಲ್ಲಿ ಲಾಟರಿಯು 2007ರಲ್ಲಿ ನಿಂತಿತು. ಅಷ್ಟರಲ್ಲಿ ಕಟ್ಟೆಯು ಊರನ್ನು ಬಿಟ್ಟು ಕೈಯಲ್ಲಿ ಹಿಡಿಯುವ ದೂರವಾಣಿಯನ್ನು ಸೇರತೊಡಗಿತ್ತು. ಅದನ್ನು ತಡೆಯಲು ರಾಜ್ಯವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ನಡೆಯಿಸುವವರಿಗೆ 3 ವರ್ಷಗಳವರೆಗೆ ಸೆರೆಯನ್ನೂ ಒಂದು ಕೋಟಿ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಆಡಿದವನಿಗೆ ಶಿಕ್ಷೆಯನ್ನು ವಿಧಿಸಲಿಲ್ಲ. ಸೋತವನು ದೂರು ತರಲು ಅಂಜಬಾರದೆಂಬ ಕೌಟಿಲ್ಯನ ನ್ಯಾಯಕ್ಕೆ ಇದು ಸಮೀಪವಾದುದು.

ವೈದ್ಯರ ವಿಚಾರವೂ ಇದೇ ದಿಕ್ಕಿನಲ್ಲಿ ನಡೆದಿದೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಜೂಜಿನ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಅದನ್ನು ಮದ್ಯಾದಿ ವ್ಯಸನಗಳ ವರ್ಗಕ್ಕೆ ತಂದಿತು. ಆಗಲೇ, ಜೂಜಿನ ಹಣಕ್ಕಾಗಿ ಅಪರಾಧ ಮಾಡುವುದೆಂಬ ಲಕ್ಷಣವನ್ನು ರೋಗನಿರ್ಣಯದ ಪಟ್ಟಿಯಿಂದ ಕೈಬಿಟ್ಟಿತು. ಕಳವಿನವರೆಗೆ ಹೋಗದವನೂ ರೋಗಿಯೇ ಆಗಿರಬಹುದು.

ವಿಜ್ಞಾನೇಶ್ವರನ ಮಾತು ಕಳವಿನಲ್ಲಿ ನುರಿತವನಿಗೆ ಸಲ್ಲುವುದು. ತರುಣನ ಮಟ್ಟಿಗೆ ವೇದದ ಕವಿಯ ಮಾತೇ ಹೆಚ್ಚು ನಿಜ. ಅವನ ಬಳಿ ಒಡ್ಡಲು ಸ್ವಂತದ ಧನವಿರುವುದು ಅಪರೂಪ. ಮೊದಲು ಶಾಲೆಯ ಶುಲ್ಕ, ಆಮೇಲೆ ತಾಯಿಯ ಪೆಟ್ಟಿಗೆ, ಅದರಾಚೆ ಯಜಮಾನನ ಗಲ್ಲ. ಪ್ರತಿ ಸಾರಿಯೂ ಗೆದ್ದು ಹಿಂದಿಡುವೆನೆಂಬ ಸಂಕಲ್ಪದಿಂದಲೇ ಕೈಚಾಚುವನು. ಇವನು ಅರಿಯನೆಂದು ಮನೆಯವರು ಕೈಬಿಟ್ಟ ದಿನ ಉಳಿಯುವುದು ಕತ್ತಲೆಯ ದಾರಿಯೊಂದೇ. ಸಾಲವು ಇನ್ನೂ ಹೇಳಿಕೊಳ್ಳಬಹುದಾದಷ್ಟು ಚಿಕ್ಕದಾಗಿರುವಾಗ, ಮಾನ ಕೆಡದಂತೆ ಅದನ್ನು ಕೇಳುವ ಕಿವಿಯೊಂದು ಮನೆಯಲ್ಲಿದ್ದರೆ, ಎಷ್ಟೋ ಸಂವಾಹಕರು ಉಳಿಯುವರು.