ರಾಜಿಯ ಕಟ್ಟೆ, ಸಾಕ್ಷಿಯ ಕಟಕಟೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ದೌರ್ಜನ್ಯದ ಚರಿತ್ರೆ ಬರೆಯಹೊರಟವರು ತೀರ್ಪುಗಳನ್ನಷ್ಟೇ ಓದಿದರೆ ಸಾಲದು. ಕೋರ್ಟಿನ ಮೆಟ್ಟಿಲನ್ನೇ ಹತ್ತದೆ ಮುಗಿದುಹೋದವುಗಳ ಕಡೆಗೂ ನೋಡಬೇಕು. "ನಾಳೆ ಊರಲ್ಲೇ ಬಾಳ್ಬೇಕಲ್ಲಪ್ಪಾ, ಸ್ಟೇಷನ್ನು ಯಾಕೆ?" ಎಂಬ ಒಂದು ಮಾತು ಎಷ್ಟು ಕಂಪ್ಲೇಂಟುಗಳನ್ನು ನುಂಗಿದೆಯೋ! ಇದಕ್ಕೆ ನಮ್ಮ ಹಳ್ಳಿಗಳಲ್ಲಿ ರಾಜಿ ಎಂದು ಹೆಸರು. ಕೂಲಿ ಕೊಡುವವನ ಎದುರು ಕೂಲಿಯವನು ಕೈಕಟ್ಟಿ ನಿಂತು ಒಪ್ಪಿಕೊಳ್ಳುವುದನ್ನು ಶರಣಾಗತಿ ಎಂದು ಕರೆಯುವುದೇ ಸರಿ.

ಈ ರಾಜಿಗೆ ಒಂದು ಕಾಲದಲ್ಲಿ ಕಾನೂನೇ ಜಾಗ ಕೊಟ್ಟಿತ್ತು ಎಂಬುದನ್ನು ಗಮನಿಸಬೇಕು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಡಿ ಕೋರ್ಟಿನ ಅನುಮತಿ ಪಡೆದು ರಾಜಿಯಾಗಬಹುದಿತ್ತು. 1976ರ ತಿದ್ದುಪಡಿ ಅದನ್ನು ನಿಲ್ಲಿಸಿ, ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣೆ ಎಂಬ ಹೊಸ ಹೆಸರನ್ನೂ ಕೊಟ್ಟಿತು. ಅಷ್ಟಾದರೂ 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಲಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳ ಪಟ್ಟಿ ಶುರುವಾಗುವುದೇ ತಿನ್ನಬಾರದ್ದನ್ನು ತಿನ್ನಿಸುವುದರಿಂದ.

ಕಾನೂನಿನಲ್ಲಿ ನಿಂತ ರಾಜಿ ಊರಲ್ಲಿ ನಿಲ್ಲಲಿಲ್ಲ. ಅದು ಸಾಕ್ಷಿಯ ಕಟಕಟೆಯೊಳಕ್ಕೇ ಬಂತು. ನಮ್ಮ ಪಕ್ಕದ ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಸುಳ್ಳರೆಂದು ಹಳಿಯುವುದು ಸುಲಭ. ಸಾಕ್ಷಿ ಹೇಳಿ ಸಂಜೆ ಬಸ್ಸಿಗೆ ಅವರು ವಾಪಸು ಹೋಗಬೇಕಾದದ್ದು ಯಾವ ಊರಿಗೆ?

ನಮ್ಮ ಸೀಮೆಗೆ ಬರೋಣ. 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋದ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿಯವರನ್ನು ಜಾತಿಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ಅವರು ಹಿಂದಿರುಗಿದರು. ತಡೆದವರೇನೂ ಧಣಿಗಳಲ್ಲ, ತಾವೇ ಹಿಂದುಳಿದವರು. ಯಜಮಾನಿಕೆ ಬರೀ ಜಮೀನಿನಲ್ಲಿಲ್ಲ, ಮೈಲಿಗೆಯ ನಂಬಿಕೆಯಲ್ಲೂ ಇದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕೆ? ಸಂಸದನಿಗೇ ಹೀಗಾದ ಕಡೆ, ಕೂಲಿಗೆ ಹೋಗುವ ಹೆಣ್ಣುಮಗಳ ದೂರು ಯಾರು ಬರೆದುಕೊಳ್ತಾರೆ? 2023ರಲ್ಲಿ ಗೃಹಮಂತ್ರಿಯಾದ ಜಿ. ಪರಮೇಶ್ವರ ಕೊರಟಗೆರೆಯ ಶಾಸಕರು. ಆದರೆ ಸ್ಟೇಷನ್ನಿನ ಬಾಗಿಲು ಮಂತ್ರಿಯ ಜಾತಿ ನೋಡಿ ತೆರೆಯುವುದಿಲ್ಲ.

ಆದ್ದರಿಂದ ಕಾಯ್ದೆಯ ವಿವರಗಳು ಕಾರ್ಯಕರ್ತರ ನಾಲಗೆಯ ಮೇಲಿರಬೇಕು. ಜಾತಿ ನಿಂದನೆಯಾದರೆ ಆಡಿದ ಮಾತನ್ನು ಆಡಿದಂತೆಯೇ ದೂರಿನಲ್ಲಿ ಬರೆಸಬೇಕು. ಎಲ್ಲಿ ಆಡಿದ, ಯಾರ್ಯಾರು ಕೇಳಿಸಿಕೊಂಡರು ಅನ್ನುವುದನ್ನೂ ಬರೆಸಬೇಕು. 'ಸಾರ್ವಜನಿಕರ ಕಣ್ಣೆದುರು' ಎಂಬುದು ದಾಖಲಾಗದೆ ಬಿದ್ದುಹೋಗುವ ಕೇಸುಗಳಿವೆ. ದೂರು ದಾಖಲಿಸದ ಅಧಿಕಾರಿ 4ನೇ ಕಲಮಿನ ಪ್ರಕಾರ ತಾನೇ ಅಪರಾಧಿ. ತನಿಖೆಯನ್ನು ಡಿವೈಎಸ್ಪಿಗಿಂತ ಕೆಳಗಿನವರು ಮಾಡುವಂತಿಲ್ಲ. ವಿಶೇಷ ನ್ಯಾಯಾಲಯವನ್ನು ಕಾಯ್ದೆ ಕೊಟ್ಟದ್ದು ಜಿಲ್ಲೆಗೆ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು, ಮಧುಗಿರಿ, ಕೊರಟಗೆರೆ ದಾಟಿ ಬರಬೇಕು. ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ ಹೋಯ್ತು. ಆದರೆ 1995ರ ನಿಯಮಗಳ ಪ್ರಕಾರ ನೊಂದವರಿಗೂ ಸಾಕ್ಷಿಗಳಿಗೂ ಪ್ರಯಾಣದ ಖರ್ಚು, ದಿನಭತ್ಯೆ ಸಿಗಬೇಕು. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯ 15ಎ ಕಲಮು ಸಾಕ್ಷಿಗಳ ರಕ್ಷಣೆಯನ್ನು ಹಕ್ಕಾಗಿಸಿದೆ. ಜಾಮೀನಿನ ವಿಚಾರಣೆಯಲ್ಲಿ ನೊಂದವರ ಮಾತನ್ನೂ ಕೇಳಬೇಕೆಂದಿದೆ. 2018ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಸಡಿಲಿಸಿದಾಗ ಜನ ಬೀದಿಗಿಳಿದರು, ಸಂಸತ್ತು ಅದೇ ವರ್ಷ 18ಎ ಸೇರಿಸಿತು.

ನಮ್ಮದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲೂಕಿನಲ್ಲಿ 2010ರಲ್ಲಿ ನಡೆದ ದಲಿತ ಮಹಿಳೆಯ ಕೊಲೆಗೆ 2024ರ ನವೆಂಬರಿನಲ್ಲಿ ತುಮಕೂರಿನ ಕೋರ್ಟು 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹದಿನಾಲ್ಕು ವರ್ಷ! ಇದನ್ನು ಗೆಲುವೆನ್ನಲು ಸಂಕೋಚವಾಗುತ್ತದೆ, ಅಲ್ಲವೆನ್ನಲೂ ಆಗುವುದಿಲ್ಲ. ದಲಿತ ವಿಮರ್ಶೆ ಕತೆ, ಕವಿತೆಗಳನ್ನು ಓದುವಷ್ಟೇ ನಿಗಾದಿಂದ ಎಫ್‌ಐಆರನ್ನು, ತಿರುಗಿಬಿದ್ದ ಸಾಕ್ಷಿಯ ಹೇಳಿಕೆಯನ್ನು ಓದಬೇಕಾಗಿದೆ. ಅದಕ್ಕೂ ಮೊದಲು, ಮುಂದಿನ ವಾಯಿದೆಯ ದಿನ ಆ ಸಾಕ್ಷಿಯ ಜೊತೆ ಬಸ್ಸು ಹತ್ತುವವರು ಬೇಕಾಗಿದ್ದಾರೆ.